ಕರೆಂಟು ಹೋದರೂ ಐದಕ್ಕೆ ಎಬ್ಬಿಸುವ ರೇಡಿಯೋ ಹುಡುಕಿದ್ದು: ನನ್ನ ಅನುಭವ

ಫೆಬ್ರವರಿಯ ಒಂದು ಬೆಳಗ್ಗೆ ನಾನು 5 ಗಂಟೆಗೆ ಏಳಬೇಕಿತ್ತು. ಎದ್ದದ್ದು 6:36ಕ್ಕೆ. ಕಾಫಿ ಹೂವಿಗೆ ನೀರು ಹಾರಿಸುವ ದಿನಗಳು ಅವು. ಸ್ಪ್ರಿಂಕ್ಲರ್ ಪೈಪು ನಮ್ಮ ಕೈಯಲ್ಲಿ ಇದ್ದದ್ದು ಮಧ್ಯಾಹ್ನದ ತನಕ ಮಾತ್ರ, ಆಮೇಲೆ ಪಕ್ಕದ ತೋಟದವರಿಗೆ ಕೊಡಬೇಕು. ಒಂದೂವರೆ ಗಂಟೆ ತಡವಾದದ್ದಕ್ಕೆ ಒಂದು ಪಟ್ಟಿ ಗಿಡಕ್ಕೆ ಆವತ್ತು ನೀರು ಸಿಗಲಿಲ್ಲ. ಅದಕ್ಕಿಂತ ಬೇಜಾರಾದದ್ದು ಅಮ್ಮನ ಮಾತ್ರೆಯ ವಿಷಯದಲ್ಲಿ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ ಆಗಬೇಕು, ಕಾಫಿಗಿಂತ ಅರ್ಧ ಗಂಟೆಯಾದರೂ ಮೊದಲು. ನಾನು ಏಳುವ ಹೊತ್ತಿಗೆ ಅಮ್ಮ ಕಾಫಿ ಕುಡಿದು ಆಗಿತ್ತು.

ತಲೆದಿಂಬಿನ ಪಕ್ಕದ ರೇಡಿಯೋ ಗಡಿಯಾರ ಮಾತ್ರ 5:00 ಎಂದು ತೋರಿಸುತ್ತಾ ಹಾಡುತ್ತಿತ್ತು. ಕೈಗಡಿಯಾರ ನೋಡಿದರೆ 6:36.

ಅದು ಅಮೆರಿಕದಿಂದ ನೆಂಟರು ತಂದುಕೊಟ್ಟ ಸೆಟ್ಟು. ಕೆಂಪು ಅಂಕಿ, ಪಕ್ಕದಲ್ಲಿ ತಿರುಗಿಸುವ ಟ್ಯೂನಿಂಗ್ ಗಾಲಿ, ಮೇಲೆ ಉದ್ದದ ಸ್ನೂಜ್ ಬಟನ್. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230, ಹಾಗಾಗಿ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದನ್ನು ತಂದು ಹಾಕಿದ್ದೆ. ಹಿಂದಿನ ರಾತ್ರಿ 9 ಗಂಟೆಗೆ ಸಮಯ ಸರಿ ಮಾಡಿ ಮಲಗಿದ್ದೆ. ಆ ದಿನ ಬೆಳಗ್ಗೆ ಮತ್ತೆ ಸರಿ ಮಾಡಿ, ಗಂಟೆಗೊಮ್ಮೆ ಬಂದು ನೋಡಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಪ್ರತಿ ಗಂಟೆಗೆ ಸರಿಯಾಗಿ 10 ನಿಮಿಷ ಹಿಂದೆ. ಒಂಬತ್ತೂ ಅಲ್ಲ, ಹನ್ನೊಂದೂ ಅಲ್ಲ.

ಇಷ್ಟು ಲೆಕ್ಕಕ್ಕೆ ಸರಿಯಾಗಿ ತಪ್ಪಿದರೆ ಅದು ಕೆಟ್ಟದ್ದಲ್ಲ, ಬೇರೇನೋ ಇದೆ ಅಂತ ಅನ್ನಿಸಿತು. ಮಡಿಕೇರಿಯಲ್ಲಿ ರೇಡಿಯೋ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ, ಭೂತಗನ್ನಡಿ ಹಿಡಿದು ಒಳಗಿನ ಎಲೆಕ್ಟ್ರಾನಿಕ್ ಚಿಪ್ಪಿನ ಮೇಲಿದ್ದ ನಂಬರು ಓದಿಸಿದರು: ಎಲ್ಎಂ 8560. ಈ ಜಾತಿಯ ಚಿಪ್ಪು ತಾನಾಗಿ ಸಮಯ ಎಣಿಸುವುದಿಲ್ಲ, ಗೋಡೆಯಿಂದ ಬರುವ ಕರೆಂಟಿನ ಅಲೆಗಳನ್ನು ಎಣಿಸುತ್ತದೆ. ಅಮೆರಿಕದಲ್ಲಿ ಸೆಕೆಂಡಿಗೆ 60 ಅಲೆ, ನಮ್ಮಲ್ಲಿ 50. ಅರವತ್ತು ಎಣಿಸಿದ ಮೇಲೆ ಒಂದು ಸೆಕೆಂಡ್ ಎಂದು ಗುರುತು ಹಾಕುವ ಗಡಿಯಾರಕ್ಕೆ ನಮ್ಮ ಊರಲ್ಲಿ ಒಂದು ಗಂಟೆ ಕಳೆದರೂ 50 ನಿಮಿಷವೇ ಆಗಿರುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಅಲೆಯ ಲೆಕ್ಕ ಬದಲಿಸುವುದಿಲ್ಲ. ರಾತ್ರಿ 9ರಿಂದ ಬೆಳಗ್ಗೆ 5ಕ್ಕೆ 480 ನಿಮಿಷ. ಅಷ್ಟನ್ನು ಅದು ಎಣಿಸಿ ಮುಗಿಸಲು 576 ನಿಮಿಷ ಬೇಕಾಯಿತು. 6:36 ಬಂದದ್ದು ಹಾಗೆ.

ಆ ಚಿಪ್ಪಿಗೆ 50 ಎಣಿಸು ಅಥವಾ 60 ಎಣಿಸು ಎಂದು ಹೇಳುವ ಕಾಲೊಂದು (ಪಿನ್) ಇದೆ. ಅದರ ಸಂಪರ್ಕ ಬದಲಿಸಿ, ಸಣ್ಣ ತುಂಡು ವಯರ್ ಬೆಸುಗೆ ಹಾಕಿ ಕೊಟ್ಟರು. ಗಡಿಯಾರ ಸರಿಯಾಯಿತು.

ಆದರೆ ಮರುದಿನವೂ ನಾನು ಏಳಲಿಲ್ಲ. ಈ ಸಲ ಅದು ನಿಜವಾಗಿ 5 ಗಂಟೆಗೆ ರೇಡಿಯೋ ಹಾಕಿತ್ತು, ಮತ್ತು 5 ಗಂಟೆಗೆ ನಮ್ಮ ನಿಲಯ ಇನ್ನೂ ಶುರುವಾಗಿರಲಿಲ್ಲ. ಮಡಿಕೇರಿ ಆಕಾಶವಾಣಿ, ಎಫ್ಎಂ 103.1ರಲ್ಲಿ, ನನಗೆ ಸಿಗುತ್ತಿದ್ದದ್ದು ಆರಕ್ಕೆ ಸ್ವಲ್ಪ ಮೊದಲು, ಆ ಹಳೆಯ ಪಿಟೀಲಿನ ಟ್ಯೂನ್ ಜೊತೆ. ಅದಕ್ಕೂ ಮೊದಲು ಬರುವುದು ಬರೀ ಶ್‌ಶ್ ಎಂಬ ಸದ್ದು. ಜಿಟಿಜಿಟಿ ಮಳೆಯ ಹಾಗೆ ಕೇಳುತ್ತದೆ, ಕೊಡಗಿನವರಿಗೆ ಅದರಲ್ಲಿ ನಿದ್ದೆ ಇನ್ನೂ ಚೆನ್ನಾಗಿ ಬರುತ್ತದೆ ಅಲ್ವಾ. ಹೊಸ ಡಿಜಿಟಲ್ ಸೆಟ್ಟುಗಳಲ್ಲಿ ಕೆಲವು ನಿಲಯ ಸಿಗದಿದ್ದರೆ ಆ ಸದ್ದನ್ನೂ ಮುಚ್ಚಿಬಿಡುತ್ತವೆ, ಆಗ ಅಲಾರಂ ಎಂದರೆ ಪೂರ್ತಿ ಮೌನ. ಹಾಗಾಗಿ ಬೆಳಗಿನ ಜಾವ ಏಳುವವರು ಮೊದಲ ಅಲಾರಂ ಬಝರಿಗೇ ಇಡಿ. ರೇಡಿಯೋದಿಂದ ಏಳುವ ಆಸೆ ಇದ್ದರೆ ಎರಡು ಅಲಾರಂ ಇರುವ ಸೆಟ್ಟು ನೋಡಿ, ಎರಡನೆಯದನ್ನು ನಿಲಯ ಶುರುವಾದ ಮೇಲಿನ ಹೊತ್ತಿಗೆ ಇಟ್ಟುಕೊಳ್ಳಿ.

ಹೀಗೆ ಮೇ ತನಕ ನಡೆಯಿತು. ಜೂನ್ ಬಂತು.

ನಮ್ಮ ಮನೆ ನಾಪೋಕ್ಲು ದಾಟಿ ಕಕ್ಕಬ್ಬೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಕೆಳಗೆ ತೋಟದ ಒಳಗೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವುದು ಅಂದರೆ ಪೇಟೆಯಲ್ಲಿ ಹೋದ ಹಾಗೆ ಅಲ್ಲ. ಮರ ಲೈನ್ ಮೇಲೆ ಬೀಳುತ್ತದೆ, ಕಂಬ ಮಲಗುತ್ತದೆ, ಲೈನ್‌ಮ್ಯಾನ್‌ಗಳು ಆ ಮಳೆಯಲ್ಲೇ ಮರ ಕಡಿದು ದಾರಿ ಮಾಡಿಕೊಂಡು ಬರಬೇಕು. ಎರಡು ದಿನ, ಮೂರು ದಿನ, ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಕೆಲವು ಸಲ ಅದಕ್ಕೂ ಜಾಸ್ತಿ. ಅಲೆ ಎಣಿಸುವ ಗಡಿಯಾರಕ್ಕೆ ಆಗ ಎಣಿಸಲು ಏನೂ ಇಲ್ಲ. ಅದರ ಹೊಟ್ಟೆಯಲ್ಲಿ 9 ವೋಲ್ಟಿನ ಚೌಕ ಬ್ಯಾಟರಿ ಇರುತ್ತದೆ ನಿಜ, ಆದರೆ ಅದರ ಮೇಲೆ ಓಡುವಾಗ ಅಂದಾಜಿನಲ್ಲಿ ಓಡುತ್ತದೆ. ಅಂಕಿ ಕಾಣುವುದಿಲ್ಲ, ರೇಡಿಯೋ ಹಾಡುವುದಿಲ್ಲ. ನಮ್ಮದು ಒಂದೇ ರಾತ್ರಿಯಲ್ಲಿ 20 ನಿಮಿಷ ಆಚೀಚೆ ಆಯಿತು, ಎರಡನೇ ದಿನಕ್ಕೆ ಬ್ಯಾಟರಿ ಸತ್ತಿತು. ಕರೆಂಟು ಬಂದಾಗ ಕೋಣೆಯ ಕತ್ತಲಲ್ಲಿ 12:00, 12:00 ಎಂದು ಮಿಟುಕುತ್ತಾ ಕೂತಿತ್ತು.

ಇನ್ವರ್ಟರ್ ಇದೆಯಲ್ಲ ಎಂದು ಕೇಳಬಹುದು. ನಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್. ಅದರ ಅಲೆ ನಯವಾಗಿ ಏರಿ ಇಳಿಯುವುದಿಲ್ಲ, ಮೆಟ್ಟಿಲಿನ ಹಾಗೆ ಜಿಗಿಯುತ್ತದೆ. ಗಡಿಯಾರ ಅದನ್ನು ತಪ್ಪು ಎಣಿಸಿ ಮುಂದೆ ಓಡಿತು, ರೇಡಿಯೋದಲ್ಲಿ ಗುಯ್ ಎಂಬ ಸದ್ದು ಸೇರಿಕೊಂಡಿತು. ಮೂರನೇ ದಿನಕ್ಕೆ ಇನ್ವರ್ಟರಿನ ಬ್ಯಾಟರಿಯೂ ಮುಗಿಯುತ್ತದೆ, ಮೊಬೈಲಿನದೂ ಮುಗಿಯುತ್ತದೆ. 2018ರ ಆಗಸ್ಟಿನಲ್ಲಿ, ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದ ಆ ದಿನಗಳಲ್ಲಿ, ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಪ್ಪನ ಹಳೆಯ ಎರಡು ಸೆಲ್ಲಿನ ಟ್ರಾನ್ಸಿಸ್ಟರ್ ಒಂದೇ ಮಾತಾಡುತ್ತಿತ್ತು. ಆ ದಿನ ನಾವೆಲ್ಲ ಅದರ ಸುತ್ತ ಕೂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಲಗುವ ಕೋಣೆಯಲ್ಲಿ ಇಡುವ ರೇಡಿಯೋ ತನ್ನದೇ ಸೆಲ್ಲಿನ ಮೇಲೆ ಬದುಕಬೇಕು ಅಂತ ನಾನು ಹಟ ಹಿಡಿದದ್ದು ಇದಕ್ಕೇ.

ಹೊಸದು ಹುಡುಕಲು ಹೊರಟಾಗ ಬ್ರ್ಯಾಂಡಿಗಿಂತ ಮೊದಲು ನಾನು ತಿರುಗಿಸಿ ನೋಡುತ್ತಿದ್ದದ್ದು ಸೆಟ್ಟಿನ ಹಿಂಭಾಗ. ಅಲ್ಲಿ 230 ವೋಲ್ಟ್ 50 ಹರ್ಟ್ಸ್ (ಸೆಕೆಂಡಿಗೆ 50 ಅಲೆ) ಎಂದು ಬರೆದಿದ್ದು, ವಯರ್ ನೇರ ಗೋಡೆಗೆ ಹೋಗುವ ಹಾಗಿದ್ದು, ಜೊತೆಗೆ 9 ವೋಲ್ಟಿನ ಬ್ಯಾಟರಿಗೆ ಜಾಗ ಇದ್ದರೆ ಅದು ಹೆಚ್ಚಾಗಿ ಅಲೆ ಎಣಿಸುವ ಜಾತಿ. ಅಡಾಪ್ಟರಿನಿಂದ 5 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ತೆಗೆದುಕೊಳ್ಳುವ ಸೆಟ್ಟಾದರೆ ಧೈರ್ಯ ಬರುತ್ತದೆ. ಡಿಸಿಯಲ್ಲಿ ಎಣಿಸಲು ಅಲೆಯೇ ಇಲ್ಲ, ಹಾಗಾಗಿ ಒಳಗೆ ಸ್ವಂತ ಕ್ವಾರ್ಟ್ಜ್ ಹರಳು ಇರಲೇಬೇಕು. ಕೈಗಡಿಯಾರದಲ್ಲಿ ಇರುತ್ತದಲ್ಲ, ಅದೇ. ಸೆಕೆಂಡಿಗೆ 32,768 ಸಲ ನಡುಗುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಸಿಗುತ್ತದೆ, ಅದೇ ಒಂದು ಸೆಕೆಂಡ್. ಇನ್ನೊಂದು ಲಾಭವೂ ಇದೆ. ನಮ್ಮ ಗ್ರಿಡ್ಡಿನ ಕರೆಂಟು ಯಾವಾಗಲೂ ಗೀಟು ಎಳೆದ ಹಾಗೆ 50ರಲ್ಲೇ ಇರುವುದಿಲ್ಲ. ಇಡೀ ದಿನ 49.9ರಲ್ಲಿ ಓಡಿದರೆ ಅಲೆ ಎಣಿಸುವ ಗಡಿಯಾರ ಸುಮಾರು ಮೂರು ನಿಮಿಷ ಹಿಂದೆ ಬೀಳುತ್ತದೆ. ಹರಳಿಗೆ ಆ ರಗಳೆ ಇಲ್ಲ.

ಆದರೆ ಹರಳು ಇದ್ದ ಮಾತ್ರಕ್ಕೆ ಸಾಲದು. ನಾಣ್ಯದ ಹಾಗಿರುವ ಸಿಆರ್ 2032 ಸೆಲ್ಲು ಹಾಕಿಕೊಳ್ಳುವ ಸೆಟ್ಟುಗಳು ತುಂಬಾ ಇವೆ. ಆ ಸೆಲ್ಲು ಸಮಯವನ್ನು ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ. ಅಲಾರಂ ಹೊಡೆಯುವ ಶಕ್ತಿ ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಡಬ್ಬದ ಮೇಲೆ ಬ್ಯಾಟರಿ ಬ್ಯಾಕಪ್ ಎಂದೇ ಇರುತ್ತದೆ, ಎಂಥ ಬ್ಯಾಕಪ್ ಎಂದು ಇರುವುದಿಲ್ಲ.

ಅದಕ್ಕೆ ಅಂಗಡಿಯಲ್ಲೇ ಪರೀಕ್ಷೆ ಮಾಡಿದೆ. ಸೆಲ್ಲು ಹಾಕಿಸಿ, ಪ್ಲಗ್ ಚುಚ್ಚಿಸಿ, ಅಲಾರಂ ಎರಡು ನಿಮಿಷ ಮುಂದಕ್ಕೆ ಇಟ್ಟು, ಪ್ಲಗ್ ಕಿತ್ತು ಕಾಯುವುದು. ಮೊದಲನೆಯದು ಸುಮ್ನೆ ಕೂತಿತು. ಎರಡನೆಯದು ಕೀಕ್ ಎಂದು ಇಲಿಮರಿಯ ಹಾಗೆ ಕೂಗಿತು, ಹೊರಗೆ ಮಳೆ ಇದ್ದರೆ ಹೆಂಚಿನ ಸದ್ದಿನಲ್ಲಿ ಅದು ಯಾರಿಗೂ ಕೇಳುವುದಿಲ್ಲ. ಮೂರನೆಯದು ಮೂರು ಪೆನ್ಸಿಲ್ ಸೆಲ್ಲಿನದು. ಪ್ಲಗ್ ಕಿತ್ತ ಕೂಡಲೇ ಅದರ ಅಂಕಿಗಳು ಆರಿದವು, ಇದೂ ಹೋಯಿತು ಅಂದುಕೊಂಡೆ. ಎರಡು ನಿಮಿಷಕ್ಕೆ ಸರಿಯಾಗಿ ಗಟ್ಟಿಯಾಗಿ ಹೊಡೆಯಿತು. ಎಲ್ಇಡಿ ಅಂಕಿ ಸದಾ ಉರಿದರೆ ಸೆಲ್ಲು ಬೇಗ ಖಾಲಿಯಾಗುತ್ತದೆ, ಅದಕ್ಕೆ ಕರೆಂಟು ಇಲ್ಲದಾಗ ಕತ್ತಲಾಗಿರುತ್ತದೆ, ಮೇಲಿನ ಬಟನ್ ಮುಟ್ಟಿದರೆ ಐದು ಸೆಕೆಂಡ್ ಸಮಯ ತೋರಿಸುತ್ತದೆ. ಒಳಗೆ ಯೋಚನೆ ಮಾಡಿ ಮಾಡಿದ್ದಾರೆ ಎಂದು ಖುಷಿಯಾಯಿತು. ಸೆಲ್ಲಿನ ಮೇಲೆ ರೇಡಿಯೋ ಕೂಡ ಹಾಡಿತು. ಅದನ್ನೇ ತಂದೆ.

ತರುವ ಮೊದಲು ಬೆಳಕನ್ನೂ ನೋಡಿದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲ ಅಂಕಿಯೂ ಚೆಂದವೇ ಕಾಣುತ್ತವೆ. ನಾನು ಛತ್ರಿ ಬಿಡಿಸಿ, ಮೇಲೆ ಜಾಕೆಟ್ ಹೊದಿಸಿ, ಅದರ ಒಳಗೆ ತಲೆ ಹಾಕಿ ನೋಡಿದೆ. ನೀಲಿ ಮತ್ತು ಬಿಳಿ ಅಂಕಿ ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತವೆ, ಮೇಲಾಗಿ ನೀಲಿ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಅನ್ನು ತಗ್ಗಿಸುತ್ತದೆ. ಕೆಂಪು ಅಥವಾ ಕಿತ್ತಳೆ ಬಣ್ಣದ್ದು, ಮಂದ ಮಾಡುವ ಬಟನ್ ಇರುವುದು ಒಳ್ಳೆಯದು. ನಮ್ಮ ಊರಿನ ರಾತ್ರಿ ನಿಜವಾದ ಕತ್ತಲೆ. ಬೀದಿ ದೀಪ ಇರುವ ಊರಲ್ಲಿ ಮಂದ ಎನಿಸಿದ್ದು ಇಲ್ಲಿ ಗೋಡೆ ಬೆಳಗುತ್ತದೆ.

ಮನೆಗೆ ತಂದ ಮೇಲೆ ನಿಲಯ ಹಿಡಿಯುವ ಕೆಲಸ. ಎಫ್ಎಂ ಅಲೆ ಬೆಟ್ಟವನ್ನು ಸುಲಭಕ್ಕೆ ಹತ್ತಿ ಇಳಿಯುವುದಿಲ್ಲ, ಹೆಚ್ಚಾಗಿ ನೇರ ಬರುತ್ತದೆ. ನಾವಿರುವುದು ತಗ್ಗಿನಲ್ಲಿ, ಮಡಿಕೇರಿಗೂ ನಮಗೂ ನಡುವೆ ಗುಡ್ಡಗಳು. ಮಂಚದ ಎಡಕ್ಕೆ ಇಟ್ಟರೆ 103.1 ಗೊರಗೊರ, ಬಲಕ್ಕೆ ಕಿಟಕಿಯ ಹತ್ತಿರ ಒಂದು ಅಡಿ ಸರಿಸಿದರೆ ಸ್ಪಷ್ಟ. ಕೆಲವು ಸಲ ಬೆಟ್ಟದ ಆಚೆಯಿಂದ ಕಣ್ಣೂರಿನ 101.5 ನಮ್ಮದಕ್ಕಿಂತ ಚೆನ್ನಾಗಿ ಬರುತ್ತದೆ. ಹಿಂದೆ ನೇತಾಡುವ ವಯರೇ ಇದರ ಆಂಟೆನಾ, ಅದನ್ನು ಸುತ್ತಿ ಕಟ್ಟಿ ಇಡಬೇಡಿ. 103.1ರ ಅಲೆಯ ಉದ್ದ 2.9 ಮೀಟರ್, ಅದರ ಕಾಲು ಭಾಗ ಸುಮಾರು 73 ಸೆಂಟಿಮೀಟರ್. ಅಷ್ಟು ಉದ್ದ ನೇರವಾಗಿ ಬಿಡಿಸಿ ಕಿಟಕಿಯ ಮರದ ಚೌಕಟ್ಟಿಗೆ ಟೇಪ್ ಹಚ್ಚಿದೆ, ಕಬ್ಬಿಣದ ಸರಳಿನಿಂದ ದೂರಕ್ಕೆ. ಮೊಬೈಲ್ ಚಾರ್ಜರ್ ಪಕ್ಕದಲ್ಲಿದ್ದರೆ ಮೀಡಿಯಂ ವೇವ್ ಕೇಳಲಾಗುವುದಿಲ್ಲ, ಅದನ್ನು ಕೋಣೆಯ ಆಚೆ ತುದಿಗೆ ಒಯ್ದೆ. ಹೊರದೇಶದಿಂದ ಡಿಜಿಟಲ್ ಟ್ಯೂನಿಂಗ್ ಸೆಟ್ಟು ತರಿಸುವವರಿಗೆ ಇದೊಂದು ಮಾತು: ಅಮೆರಿಕದ ಮೀಡಿಯಂ ವೇವ್ ಹತ್ತು ಹತ್ತು ಕಿಲೋಹರ್ಟ್ಸ್ ಹೆಜ್ಜೆ ಇಡುತ್ತದೆ, ನಮ್ಮದು ಒಂಬತ್ತು. ಬೆಂಗಳೂರಿನ 612ಕ್ಕೆ ಹೋದರೆ ಅದು 610ಕ್ಕೋ 620ಕ್ಕೋ ನಿಲ್ಲುತ್ತದೆ. ಹೆಜ್ಜೆ ಬದಲಿಸುವ ಸೌಕರ್ಯ ಇದೆಯಾ ಎಂದು ಕೇಳಿಕೊಂಡೇ ತರಿಸಿ.

ಈಗ 5ಕ್ಕೆ ಬಝರ್, ಅಮ್ಮನ ಮಾತ್ರೆ. 6ಕ್ಕೆ ರೇಡಿಯೋ ತಾನೇ ಹಾಡುತ್ತದೆ. ಕೊಡವ ತಕ್ಕ್, ಅರೆಭಾಷೆ ಕಾರ್ಯಕ್ರಮ ಬರುವ ಹೊತ್ತಿಗೆ ಅಪ್ಪ ಬಂದು ಮಂಚದ ತುದಿಯಲ್ಲಿ ಕೂತುಕೊಳ್ಳುತ್ತಾರೆ. 7:05ರ ಪ್ರದೇಶ ಸಮಾಚಾರ ಮುಗಿಯುವ ತನಕ ಆ ಕೋಣೆ ಅವರದ್ದು.

ಇದಕ್ಕೆ ಆರೈಕೆ ಇರುವುದು ಒಂದೇ. ನಮ್ಮ ತೇವದಲ್ಲಿ ಸೆಲ್ಲಿನ ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಹಳೆಯ ಸೆಲ್ಲು ಸೋರಿ ಸ್ಪ್ರಿಂಗನ್ನೇ ತಿಂದುಬಿಡುತ್ತದೆ. ನಾನು ಆಲ್ಕಲೈನ್ ಸೆಲ್ಲನ್ನೇ ಹಾಕುತ್ತೇನೆ. ಮೇ ಕೊನೆಯ ಭಾನುವಾರ ಮೂರನ್ನೂ ಬದಲಿಸಿ, ಸ್ಪ್ರಿಂಗನ್ನು ಒಣ ಬಟ್ಟೆಯಲ್ಲಿ ಉಜ್ಜಿ, ತಾರೀಕು ಬರೆದ ಚೀಟಿಯೊಂದನ್ನು ಮುಚ್ಚಳದ ಒಳಗೆ ಅಂಟಿಸುತ್ತೇನೆ. ತೆಗೆದ ಸೆಲ್ಲುಗಳಲ್ಲಿ ಇನ್ನೂ ಜೀವ ಇರುತ್ತದೆ, ಅವು ಅಪ್ಪನ ಟ್ರಾನ್ಸಿಸ್ಟರಿಗೆ ಹೋಗುತ್ತವೆ.