ಫ್ಯಾನ್ ನೆಡುವ ಮೊದಲು ಊರವರ ಜೊತೆ

ಗದಗ ಕಡೆ ಗಾಳಿ ವಿದ್ಯುತ್ತಿನ ಫ್ಯಾನ್ ನೆಡುವ ಮೊದಲು ಊರವರ ಜೊತೆ ಮಾತಾಡುವುದು ನನ್ನ ಕೆಲಸ. ಗಾಳಿ ಅಳೆಯುವ ಕಂಬ ನೆಟ್ಟ ದಿನವೇ ಸುದ್ದಿ ಹಬ್ಬಿರುತ್ತದೆ. ನಾವು ಕಾಗದ ಹಿಡಿದು ಹೋಗುವಷ್ಟರಲ್ಲಿ ಚಹಾದಂಗಡಿಯಲ್ಲಿ ಅರ್ಧ ತೀರ್ಮಾನ ಆಗಿರುತ್ತದೆ.

ಮೊದಲ ಪ್ರಶ್ನೆ ಮಳೆಯದು. “ಸಾಹೇಬ್ರ, ಫ್ಯಾನ್ ತಿರುಗಿದ್ರ ಮೋಡ ಓಡಿ ಹೋಗ್ತಾವಂತಲ್ರಿ?”

ಇದಕ್ಕೆ ನಗಬಾರದು. ಎರೆಹೊಲದಲ್ಲಿ ಹೆಸರು ಬಿತ್ತಿ ಆಕಾಶ ನೋಡುವವರು ಅವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿ ಜೋರು. ಫ್ಯಾನ್ ರಭಸವಾಗಿ ತಿರುಗುವ ಹೊತ್ತಿಗೇ ಮೋಡಗಳೂ ಸುರಿಯದೆ ಪೂರ್ವಕ್ಕೆ ಓಡುತ್ತವೆ. ಕಣ್ಣಿಗೆ ಎರಡೂ ಒಟ್ಟಿಗೇ ಕಂಡರೆ ಅನುಮಾನ ಬರದೆ ಇರುತ್ತದೆಯೇ? ರೆಕ್ಕೆಯ ತುದಿ 200 ಮೀಟರ್ ಆಸುಪಾಸು, ಮಳೆ ಮೋಡ ಕಿಲೋಮೀಟರ್‌ಗಟ್ಟಲೆ ಎತ್ತರ ಬೆಳೆದಿರುತ್ತದೆ ಎಂದು ನಾನು ಹೇಳಿದರೆ ನಂಬುವುದಿಲ್ಲ. ನಂಬಬೇಕಾದರೂ ಯಾಕೆ? ನನಗೆ ಸಂಬಳ ಕೊಡುವುದು ಕಂಪನಿ.

ಹಾಗಾಗಿ ಲೆಕ್ಕವನ್ನು ಅವರ ಕೈಯಲ್ಲೇ ತೆಗೆಸುತ್ತೇನೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪನ ಯಂತ್ರಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಫ್ಯಾನ್ ಇರುವ ಪಂಚಾಯಿತಿ, ಇಲ್ಲದ ಪಂಚಾಯಿತಿ ಎರಡರ ಮಳೆ ಲೆಕ್ಕವನ್ನೂ ಊರಿನ ಕಾಲೇಜು ಹುಡುಗರೇ ಹುಡುಕಿ ಓದುತ್ತಾರೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆ ಆಗಿತ್ತು. ಅವುಗಳಲ್ಲಿ ಫ್ಯಾನ್ ಇಲ್ಲದ ತಾಲ್ಲೂಕುಗಳನ್ನು ಎಣಿಸಿ ಅಂದರೆ ಸಾಕು, ಚರ್ಚೆ ಅವರವರಲ್ಲೇ ಶುರುವಾಗುತ್ತದೆ.

ಸದ್ದಿನ ವಿಷಯ ಬೇರೆ. ಅದು ಸುಳ್ಳು ಭಯವಲ್ಲ. ಊರವರನ್ನು ಓಡುತ್ತಿರುವ ಫ್ಯಾನ್ ಹತ್ತಿರ ಕರೆದೊಯ್ಯುತ್ತೇವೆ, ಅದೂ ರಾತ್ರಿ. ಹಗಲು ಟ್ರ್ಯಾಕ್ಟರ್ ಸದ್ದಿನಲ್ಲಿ ಏನೂ ಗೊತ್ತಾಗುವುದಿಲ್ಲ, ಹಗಲು ತೋರಿಸುವುದು ಅರ್ಧ ಮೋಸ. ಗಾಡಿಯಲ್ಲಿ ಜೋರಾಗಿ ವಿರೋಧಿಸುವವರು ಇರಲೇಬೇಕು, ಹೆಂಗಸರೂ ಇರಬೇಕು. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್. ಕೇಂದ್ರದ 2016ರ ಮಾರ್ಗಸೂಚಿ ಪ್ರಕಾರ ಮನೆಯಿಂದ 500 ಮೀಟರ್ ಒಳಗೆ ಫ್ಯಾನ್ ನೆಡುವಂತಿಲ್ಲ. ಸದ್ದು ಅಳೆಯುವ ಮೀಟರ್ ಅವರ ಕೈಗೇ ಕೊಡುತ್ತೇವೆ.

ಒಬ್ಬ ಅಜ್ಜಿ ಮೀಟರ್ ಕಡೆ ನೋಡಲೇ ಇಲ್ಲ. ಸೀದಾ ಅಲ್ಲಿನ ಒಂದು ಮನೆಯ ಕಟ್ಟೆ ಮೇಲೆ ಕೂತು, “ನಿದ್ದಿ ಬರ್ತೇತೇನವ್ವಾ?” ಎಂದು ಕೇಳಿದರು. “ಮೊದ್ಲ ಬರ್ತಿರ್ಲಿಲ್ಲ ಯವ್ವಾ, ಈಗ ರೂಢಿ ಆಗೇತಿ. ಶ್ರಾವಣದಾಗ ಮಾತ್ರ ಸಪ್ಪಳ ಜಾಸ್ತಿ” ಎಂದರು ಆ ಮನೆಯಾಕೆ. ಮರುದಿನ ಊರಲ್ಲಿ ಓಡಾಡಿದ್ದು ಈ ಮಾತೇ. ಡೆಸಿಬೆಲ್ ಯಾರಿಗೂ ನೆನಪಿರಲಿಲ್ಲ. ಕೊನೆಗೆ ಊರವರು 500 ಮೀಟರ್ ಸಾಲದು, ಇನ್ನಷ್ಟು ದೂರ ಸರಿಸಿ ಎಂದರು. ನಕ್ಷೆಯಲ್ಲಿ ಜಾಗ ಸರಿಸಿದೆವು. ನಮ್ಮ ಎಂಜಿನಿಯರ್‌ಗಳು ಗೊಣಗಿದರು, ಗೊಣಗಲಿ.

ದಾರಿಯದ್ದು ಇನ್ನೊಂದು ತಲೆನೋವು. ರೆಕ್ಕೆ ಹೊತ್ತ ಲಾರಿಗೆ, ಕ್ರೇನಿಗೆ ಗರಸು ಹಾಕಿ ಎತ್ತರದ ರಸ್ತೆ ಮಾಡುತ್ತಾರೆ. ಎರೆಭೂಮಿಯಲ್ಲಿ ಅದು ಒಡ್ಡಿನ ಹಾಗೆ ನೀರು ತಡೆಯುತ್ತದೆ, ಮೇಲಿನ ಹೊಲದ ಉಳ್ಳಾಗಡ್ಡಿ ಕೊಳೆಯುತ್ತದೆ. ಅದಕ್ಕೇ ದೊಡ್ಡ ನಕ್ಷೆಯನ್ನು ಫ್ಲೆಕ್ಸ್ ಮಾಡಿಸಿ ಗುಡಿಕಟ್ಟೆಯ ಮೇಲೆ ಹಾಸುತ್ತೇನೆ. ಮಳೆನೀರು ಯಾವ ಬದುವಿನಿಂದ ಇಳಿದು ಯಾವ ಹಳ್ಳ ಸೇರುತ್ತದೆ ಎಂದು ರೈತರೇ ಮಾರ್ಕರ್‌ನಲ್ಲಿ ಗೆರೆ ಎಳೆಯುತ್ತಾರೆ. ರಸ್ತೆ ಕೆಳಗೆ ನೀರು ಹಾಯುವ ಪೈಪು ಎಲ್ಲಿ ಹಾಕಬೇಕೆಂದು ಆ ಗೆರೆಗಳೇ ಹೇಳುತ್ತವೆ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಯಿತು. ಅದರ ಆಸುಪಾಸಿನ ಊರುಗಳಲ್ಲಿ ಅರಣ್ಯ ಇಲಾಖೆ ಉತ್ತರ ಕೊಡುವ ತನಕ ನಾನು ಯಾವ ಮಾತೂ ಕೊಡುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಯಾರಾದರೂ ಮಳೆಯ ಮಾತೇ ಎತ್ತುತ್ತಿದ್ದರೆ, ವಿಷಯ ಮಳೆಯದಲ್ಲ, ದುಡ್ಡಿನದು. ಕಂಬ ನಿಂತ ಹೊಲದವನಿಗೆ ಹಣ, ಪಕ್ಕದವನಿಗೆ ಬರೀ ಸದ್ದು, ನೆರಳು. ಅವನ ಸಿಟ್ಟು ನ್ಯಾಯವಾದದ್ದೇ, ಅಲ್ವಾ? ಏಜೆಂಟರು ಒಬ್ಬೊಬ್ಬರಿಗೆ ಒಂದೊಂದು ದರ ಹೇಳಿದ್ದರಂತೂ ಮುಗಿಯಿತು. ಅದಕ್ಕೇ ಕರಾರು ಪತ್ರವನ್ನು ಕನ್ನಡದಲ್ಲೇ ಬರೆಸಿ, ಎಲ್ಲರ ಮುಂದೆ ಓದಿಸಿ, ದರಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸುತ್ತೇನೆ. ದಾರಿ ಹಾಯುವ ಹೊಲಕ್ಕೆ ಎಷ್ಟು, ಬೆಳೆ ಹಾಳಾದರೆ ಎಷ್ಟು, ಎಲ್ಲ ಅದರಲ್ಲಿ ಇರುತ್ತದೆ. ಏಜೆಂಟರಿಗೆ ಇದು ಹಿಡಿಸುವುದಿಲ್ಲ. ಮೊದಲ ಸಹಿ ಬೀಳುವುದು ಪಟ್ಟಿ ಅಂಟಿಸಿದ ಮೇಲೆಯೇ.