ಕೆರೆ ಏರಿಯ ವೀರಗಲ್ಲು, ದೂರದ ಸರ್ವರ್

ಗುಡಿಬಂಡೆ ಕಡೆ ನಮ್ಮೂರಿನ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ಬಿಲ್ಲು ಹಿಡಿದ ವೀರ, ಕಾಲ ಬಳಿ ದನಗಳು, ಎಲ್ಲ ಚೆನ್ನಾಗಿ ಕಾಣುತ್ತವೆ. ಮೇಲಿನ ನಾಲ್ಕು ಸಾಲು ಅಕ್ಷರ ಮಾತ್ರ ಸವೆದಿವೆ. ಗ್ರಾನೈಟ್ ಅಲ್ವಾ, ಕಲ್ಲಿನ ಚುಕ್ಕೆ ಯಾವುದು, ಉಳಿಯ ಗೆರೆ ಯಾವುದು ತಿಳಿಯುವುದಿಲ್ಲ. ಬಣ್ಣ ತೆಗೆದು ಬರೀ ಉಬ್ಬು ತಗ್ಗು ಉಳಿಸಿದ ತ್ರೀಡಿ ಮಾದರಿ ಮಾಡಿದರೆ ಓದಬಹುದು ಅನ್ನಿಸಿತು.

ಮೊದಲು ಫೋನಿನಲ್ಲೇ ಮಾಡಲು ಹೋದೆ. ಬೇರೆ ಬೇರೆ ಕೋನದ ಫೋಟೋಗಳನ್ನು ಹೋಲಿಸಿ ಮಾದರಿ ಕಟ್ಟುವ ಒಂದು ಆ್ಯಪ್‌ಗೆ 40 ಫೋಟೋ ಕೊಟ್ಟೆ. ಹತ್ತು ನಿಮಿಷಕ್ಕೆ ಫೋನ್ ಕೈ ಸುಡುವಷ್ಟು ಬಿಸಿಯಾಗಿ, ನಿಧಾನವಾಗಿ, ಆ್ಯಪ್ ಮುಚ್ಚಿಕೊಂಡಿತು. ಸಾಮಾನ್ಯ ಫೋನಿನೊಳಗೆ ಫ್ಯಾನ್ ಇರುವುದಿಲ್ಲ. ಬಿಸಿ ಏರಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೆಲಸವೂ ಸಣ್ಣದಲ್ಲ. ಪ್ರತಿ ಫೋಟೋವನ್ನು ಉಳಿದ ಎಲ್ಲದರ ಜೊತೆ ಹೋಲಿಸಬೇಕು. 40 ಫೋಟೋಗೆ 780 ಜೋಡಿ. ನನಗೆ ಬೇಕಾಗಿದ್ದ 180ಕ್ಕೆ 16,110!

ಹಾಗಾಗಿ ಕೆಲಸ ಹಂಚಿದೆ. ಫೋಟೋ ತೆಗೆಯುವುದು, ಆರಿಸುವುದು ಫೋನಿಗೆ. ಹೋಲಿಸುವುದು, ಆಳ ಲೆಕ್ಕ ಹಾಕುವುದು ಗಂಟೆ ಲೆಕ್ಕದ ಬಾಡಿಗೆಗೆ ಸಿಗುವ, ಗ್ರಾಫಿಕ್ಸ್ ಕಾರ್ಡ್ ಇರುವ ಸರ್ವರಿಗೆ. ಅದರಲ್ಲಿ ಫೋಟೋಗಳಿಂದ ತ್ರೀಡಿ ಮಾದರಿ ಕಟ್ಟುವ ಕೋಲ್‌ಮ್ಯಾಪ್ ತಂತ್ರಾಂಶ ಹಾಕಿಕೊಂಡೆ. ಅದು ಉಚಿತ, ಓಪನ್ ಸೋರ್ಸ್.

ತೊಡಕಾಗಿದ್ದು ಕಳಿಸುವುದರಲ್ಲಿ. 180 ಫೋಟೋ ಅಂದರೆ ಹತ್ತಿರ ಹತ್ತಿರ 800 ಎಂಬಿ. ಏರಿಯ ಮೇಲೆ ಸಿಗ್ನಲ್ ಬಂದು ಹೋಗುತ್ತಿತ್ತು. ಬೇಗ ಹೋಗಲಿ ಎಂದು 12 ಮೆಗಾಪಿಕ್ಸೆಲ್ ಫೋಟೋಗಳನ್ನು 3ಕ್ಕೆ ಇಳಿಸಿ ಕಳಿಸಿದೆ. ಮಾದರಿ ಬಂತು, ಅಕ್ಷರ ಬರಲಿಲ್ಲ. ಗೆರೆಯ ಆಳವೇ ಒಂದೆರಡು ಮಿಲಿಮೀಟರ್, ಅದೇ ಅಳಿಸಿ ಹೋಗಿತ್ತು. ಅಂದಿನಿಂದ ಫೋಟೋ ಕುಗ್ಗಿಸುವುದಿಲ್ಲ. ಬದಲಿಗೆ ಅಲ್ಲಾಡಿದ, ಮಸುಕಾದ ಫೋಟೋಗಳನ್ನು ಫೋನಿನಲ್ಲೇ ತೆಗೆದು ಹಾಕುತ್ತೇನೆ. ಆ ಸಲ 31 ಹೋದವು. ಉಳಿದ 149ಕ್ಕೆ 11,026 ಜೋಡಿ, ಅಂದರೆ ಸರ್ವರಿನ ಕೆಲಸವೂ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಕಳಿಸಲು ಟರ್ಮಕ್ಸ್‌ನಲ್ಲಿ (ಆಂಡ್ರಾಯ್ಡ್ ಫೋನಿನಲ್ಲಿ ಲಿನಕ್ಸ್ ಆದೇಶಗಳನ್ನು ನಡೆಸುವ ಆ್ಯಪ್) ಆರ್‌ಸಿಂಕ್ ಎಂಬ ಫೈಲ್ ಕಳಿಸುವ ಸಾಧನ ಬಳಸುತ್ತೇನೆ. ನಡುವೆ ಕಡಿದು ಹೋದರೆ ಹೋದಷ್ಟನ್ನು ಬಿಟ್ಟು ಮುಂದಿನದನ್ನು ಕಳಿಸುತ್ತದೆ. ಇದೊಂದು ಇಲ್ಲದಿದ್ದರೆ ನಾನು ಕೈ ಬಿಡುತ್ತಿದ್ದೆ.

ವಾಪಸ್ ತರಿಸುವಾಗಲೂ ಯೋಚಿಸಬೇಕು. ಲಕ್ಷಗಟ್ಟಲೆ ಸಣ್ಣ ತ್ರಿಕೋನ ಸೇರಿ ಆದ ಪೂರ್ತಿ ಮಾದರಿಯನ್ನು ನನ್ನ ಫೋನ್ ತೆರೆಯುವುದೇ ಇಲ್ಲ. ಸುಮ್ನೆ ಡೇಟಾ ಖರ್ಚು. ಅದಕ್ಕೆ ಸರ್ವರಿನಲ್ಲೇ ಎಡ, ಬಲ, ಮೇಲೆ, ಕೆಳಗಿನಿಂದ ಓರೆ ಬೆಳಕು ಬಿಟ್ಟು ನಾಲ್ಕು ಚಿತ್ರ ಮಾಡಿಸಿ, ಅವಷ್ಟನ್ನೇ ಇಳಿಸಿಕೊಂಡೆ. ಕೂಡಲೇ ಸರ್ವರ್ ನಿಲ್ಲಿಸಿದೆ. ಸುಮ್ಮನೆ ಬಿಟ್ಟರೂ ಬಾಡಿಗೆ ಓಡುತ್ತಲೇ ಇರುತ್ತದೆ.

ಬಲಗಡೆ ಬೆಳಕಿನ ಚಿತ್ರದಲ್ಲಿ ಎರಡನೇ ಸಾಲಿನ ನಡುವೆ 'ತು' ಕಂಡಿತು. ಪಕ್ಕದಲ್ಲಿ ಈಗ ನಾವು ಬರೆಯದ ಹಳೆಯ 'ಱು'. ತುಱು, ಅಂದರೆ ದನ! ದನಗಳಿಗಾಗಿ ಕಾದಾಡಿ ಸತ್ತವನು ಎಂದು ಊರವರು ಹೇಳುತ್ತಿದ್ದುದು ಕಲ್ಲಿನ ಮೇಲೇ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ 10ನೇ ಸಂಪುಟದಲ್ಲಿ ಇದೇ ರೀತಿಯ ಸಾಲು ಹುಡುಕುತ್ತಿದ್ದೇನೆ. 1905ರ ಪುಸ್ತಕ, ಕೋಲಾರ ಜಿಲ್ಲೆಯದು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಅದರಿಂದ ಬೇರೆಯಾಗಿದ್ದು 2007ರಲ್ಲಿ, ಹಾಗಾಗಿ ನಮ್ಮ ಕಡೆಯೂ ಅದರಲ್ಲೇ ಸೇರಿದೆ. ಮೊದಲ ಸಾಲಿನ ಎಡ ತುದಿ ಇನ್ನೂ ಬಿಡಿಸಿಲ್ಲ. ಅಲ್ಲಿ ಪಾಚಿ ಜಾಸ್ತಿ. ಬೇಸಿಗೆಯಲ್ಲಿ ಒಣಗಿದ ಮೇಲೆ ಆ ತುದಿಯದೇ ಐವತ್ತು ಫೋಟೋ ತೆಗೆಯಬೇಕು.