ಗುಂಪು ಸೇರುವ ಮುಂಚೆ ಒಂದ್ಸಲ 'ಆಗಲ್ಲ' ಅಂದು ನೋಡಿ

ಯಾವುದೋ ಗುರುಗಳ ಗುಂಪಿಗೆ ಹೋಗುತ್ತಿದ್ದೀರಿ, ಮನಸ್ಸಿಗೂ ಹಿತವಾಗಿದೆ, ಆದರೂ ಎಲ್ಲೋ ಒಂದು ಅನುಮಾನ. ಅವರ ಬೋಧನೆ ಸರಿಯೋ ತಪ್ಪೋ ಅಂತ ಅಳೆಯಲು ಹೋಗಬೇಡಿ, ಅದು ಮುಗಿಯುವ ಕೆಲಸವಲ್ಲ. ಸುಮ್ನೆ ಒಂದು ಸಣ್ಣ ವಿಷಯಕ್ಕೆ 'ಈ ವಾರ ಆಗಲ್ಲ' ಅನ್ನಿ. ಕಾರಣ ಹೇಳಬೇಡಿ. 'ಸರಿ, ಬಿಡುವಾದಾಗ ಬನ್ನಿ' ಎಂದರೆ ಪರವಾಗಿಲ್ಲ. ಮೂರು ಜನ ಫೋನ್ ಮಾಡಿ 'ನಿಮ್ಮ ಅಹಂಕಾರ ಅಡ್ಡ ಬರುತ್ತಿದೆ' ಎಂದು ಶುರು ಮಾಡಿದರೆ ಅಲ್ಲಿಂದ ಜಾಗ ಖಾಲಿ ಮಾಡಿ.

ಓದಿದವರು ಇಂಥದ್ದಕ್ಕೆ ಬೀಳುವುದಿಲ್ಲ ಅನ್ನುತ್ತೀರಾ? ಜಪಾನಿನ ಓಂ ಶಿನ್ರಿಕ್ಯೊ ಎಂಬ ಪಂಥ 1984ರಲ್ಲಿ ಶುರುವಾಗಿದ್ದು ಯೋಗ ತರಗತಿಯಾಗಿ. 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲುಗಳಲ್ಲಿ ಸಾರಿನ್ ವಿಷ ಬಿಟ್ಟ ಅದರ ಅನುಯಾಯಿಗಳಲ್ಲಿ ಒಬ್ಬ ಹೃದಯದ ಆಪರೇಷನ್ ಮಾಡುತ್ತಿದ್ದ ಡಾಕ್ಟರ್!

ನಿದ್ದೆ, ಊಟ ಕಡಿಮೆ ಮಾಡಿಸಿದರೆ ಎಚ್ಚರವಾಗಿರಿ. ನಾಲ್ಕು ಗಂಟೆ ನಿದ್ದೆ, ಅರೆಹೊಟ್ಟೆ, ದಿನವಿಡೀ ಧ್ಯಾನ ಅಂತ ಕೆಲವು ದಿನ ಕಳೆದರೆ ಯಾರ ತಲೆಯೂ ನೆಟ್ಟಗೆ ಓಡುವುದಿಲ್ಲ. ದನಿಗಳು ಕೇಳಿಸಬಹುದು, ನಿಮ್ಮ ಕೈಯೇ ನಿಮ್ಮದಲ್ಲ ಅನಿಸಬಹುದು. ಅವರು ಅದನ್ನು 'ಪ್ರಗತಿ' ಎಂದು ಕರೆದು ಇನ್ನೂ ಜಾಸ್ತಿ ಮಾಡಿಸುತ್ತಾರೆ. ನೀವು ನಿಲ್ಲಿಸಿ, ಹೊಟ್ಟೆ ತುಂಬ ಉಂಡು ಮಲಗಿ, ಆದರೂ ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಪಾಸ್‌ಪೋರ್ಟ್, ಬ್ಯಾಂಕ್ ಖಾತೆ, ವಾಪಸ್ ಬರುವಷ್ಟು ದುಡ್ಡು, ಈ ಮೂರು ಯಾರ ಕೈಗೂ ಹೋಗಬಾರದು. ದಕ್ಷಿಣ ಅಮೆರಿಕದ ಗಯಾನಾದ ಕಾಡಿನಲ್ಲಿ ಜಿಮ್ ಜೋನ್ಸ್ ಎಂಬ ಅಮೆರಿಕದ ಧರ್ಮಗುರುವಿನ ಗುಂಪು ಕಟ್ಟಿಕೊಂಡಿದ್ದ ಊರು ಜೋನ್ಸ್‌ಟೌನ್‌; ಅಲ್ಲಿ ಜನರ ಪಾಸ್‌ಪೋರ್ಟ್ ಮೊದಲೇ ಕಿತ್ತುಕೊಂಡಿದ್ದರು. 1978ರ ನವೆಂಬರ್ 18ರಂದು ಅಲ್ಲಿಗೆ ಭೇಟಿಗೆ ಬಂದಿದ್ದ ಅಮೆರಿಕದ ಸಂಸದ ಲಿಯೊ ರಯಾನ್ ಜೊತೆ ಹದಿನೈದರಷ್ಟು ಮಂದಿ ಊರು ಬಿಟ್ಟು ಹೊರಟರು. ವಿಮಾನದ ಬಳಿ ಜೋನ್ಸ್ ಕಡೆಯವರು ಗುಂಡು ಹಾರಿಸಿದರು, ಸಂಸದರೂ ಸತ್ತರು. ಅದೇ ದಿನ ಊರಿನಲ್ಲಿ 900ಕ್ಕೂ ಹೆಚ್ಚು ಜನ ವಿಷಕ್ಕೆ ಬಲಿಯಾದರು, ಅವರಲ್ಲಿ ಮೂರನೇ ಒಂದರಷ್ಟು ಮಕ್ಕಳು. ಮಕ್ಕಳು ನಂಬಿ ಕುಡಿದರು ಅನ್ನೋಕಾಗುತ್ತಾ?

ನಿಮ್ಮವರು ಯಾರಾದರೂ ಒಳಗಿದ್ದರೆ ಅವರ ಗುರುವನ್ನು ಬೈಯಬೇಡಿ. ಬೈದ ದಿನವೇ 'ಹೊರಗಿನವರು ನಮ್ಮ ವಿರೋಧಿಗಳು' ಅಂತ ಅಲ್ಲಿ ಹೇಳಿಕೊಟ್ಟದ್ದು ಅವರ ಪಾಲಿಗೆ ನಿಜವಾಗುತ್ತದೆ. ನಿದ್ದೆ ಬರ್ತಿದೆಯಾ, ಹಲ್ಲುನೋವು ಹೋಯ್ತಾ ಅಂತ ಮಾತಾಡಿಸಿ. ಉತ್ತರ ಬರದಿದ್ದರೂ ತಿಂಗಳಿಗೊಂದು ಮೆಸೇಜ್ ಹಾಕಿ, ಫೋನ್ ನಂಬರ್ ಮಾತ್ರ ಬದಲಿಸಬೇಡಿ. ಒಂದು ರಾತ್ರಿ ಅವರು ಕರೆ ಮಾಡಿದರೆ 'ನಾನು ಆಗಲೇ ಹೇಳಿರಲಿಲ್ವಾ' ಎನ್ನದೆ, ಎಲ್ಲಿದ್ದೀಯ ಅಂತ ಕೇಳಿ ಹೊರಡಿ.